ಹೆಡ್‌ಫೋನ್ ಕೊಳ್ಳುವ ಮುನ್ನ

ಇವತ್ತಿನ ಮಾತು ಹೆಡ್‌ಫೋನಿನದು. ಎರಡು ಬಟ್ಟಲನ್ನು ಕಿವಿಯ ಮೇಲೆ ಕವುಚಿಕೊಂಡು ಹಾಡು ಕೇಳುವ ಒಂದು ಸಾಧನಕ್ಕೆ ಇಷ್ಟು ಹೊತ್ತಿನ ಭಾಷಣ ಯಾಕೆ ಎಂದು ನಿಮಗೆ ಅನ್ನಿಸಬಹುದು. 2019ರ ಆಟಿ ತಿಂಗಳವರೆಗೆ ನನಗೂ ಹಾಗೇ ಅನ್ನಿಸುತ್ತಿತ್ತು.

ಆ ವರ್ಷ ನಮ್ಮ ದೊಡ್ಡಮ್ಮನಿಗೆ ಎಂಬತ್ತೊಂದು. ಕುಂಬಳೆಯಿಂದ ಪೂರ್ವಕ್ಕೆ, ಅಡಿಕೆ ತೋಟದ ನಡುವೆ ಅವರ ಹಂಚಿನ ಮನೆ. ಮದುವೆಗೆ, ಸೀಮಂತಕ್ಕೆ, ತೊಟ್ಟಿಲು ಹಾಕುವ ದಿನಕ್ಕೆ, ಒಂದೊಂದಕ್ಕೂ ಅವರಲ್ಲಿ ಹಾಡಿತ್ತು. ಜೊತೆಗೆ ಹಾಡುತ್ತಿದ್ದ ಓರಗೆಯವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಬರೆದಿಟ್ಟದ್ದು ಒಂದು ಸಾಲೂ ಇರಲಿಲ್ಲ. ಮಳೆ ಬಿಟ್ಟ ಹೊತ್ತು ನೋಡಿ, ಎರಡು ಮಧ್ಯಾಹ್ನ ಚಾವಡಿಯಲ್ಲಿ ಕೂತು, ಹನ್ನೊಂದು ಹಾಡುಗಳನ್ನು ನಾನು ಧ್ವನಿಮುದ್ರಣ ಮಾಡಿಕೊಂಡೆ.

ಆಗ ನನಗೊಂದು ಹುಚ್ಚು. ಮುಂದೆ ಈ ಹಾಡುಗಳಿಗೆ ಮದ್ದಳೆ, ಕೊಳಲು ಸೇರಿಸಿ ಚೆಂದ ಮಾಡಬೇಕು, ಅದಕ್ಕೆ ಲಯ ಆಚೀಚೆ ಆಗಬಾರದು ಎಂದು. ಹಾಗಾಗಿ ಮೊಬೈಲಿನಲ್ಲಿ ‘ಟಿಕ್ ಟಿಕ್’ ಎಂದು ತಾಳ ಬಡಿಯುವ ಒಂದು ಆ್ಯಪ್ ಹಾಕಿ, ಮನೆಯಲ್ಲಿದ್ದ ಹಳೆಯ ಸ್ಪಂಜಿನ ಹೆಡ್‌ಫೋನನ್ನು ದೊಡ್ಡಮ್ಮನ ತಲೆಗೆ ಏರಿಸಿದೆ. ಅವರಿಗೆ ಕಿವಿ ಸ್ವಲ್ಪ ಮಂದ. “ಕೇಳುವುದಿಲ್ಲ ಮಗಾ” ಎಂದರು. ಧ್ವನಿ ಏರಿಸಿದೆ. ಮತ್ತೆ ಹಾಗೇ ಅಂದರು. ಪೂರ್ತಿ ಏರಿಸಿದೆ. ಬಾಯಿಂದ ಒಂದು ಗೇಣು ದೂರದಲ್ಲಿ ಮೈಕು.

ಮನೆಗೆ ಬಂದು ರಾತ್ರಿ ಕೇಳಿದರೆ, ಹನ್ನೊಂದರಲ್ಲಿ ಏಳು ಹಾಡುಗಳಲ್ಲಿ ಅವರ ದನಿಯ ಹಿಂದೆಯೇ ಆ ‘ಟಿಕ್ ಟಿಕ್’ ಇದೆ. ಹಾಡು ಏರಿದಲ್ಲಿ ಮುಚ್ಚಿಹೋಗುತ್ತದೆ. ಅವರು ಉಸಿರು ತೆಗೆದುಕೊಳ್ಳುವಲ್ಲಿ, ಸಾಲಿನ ಕೊನೆಯನ್ನು ಮೆಲ್ಲನೆ ಇಳಿಸುವಲ್ಲಿ, ಗೋಡೆ ಗಡಿಯಾರದ ಹಾಗೆ ಎದ್ದು ಕೇಳುತ್ತದೆ. ತಿಳಿದವರಿಗೆ ತೋರಿಸಿದೆ. ಬೇರೆಲ್ಲ ಗದ್ದಲ ತೆಗೆಯಬಹುದು, ಇದನ್ನು ತೆಗೆದರೆ ಮಾತಿನ ಕ, ತ, ಟ ಅಕ್ಷರಗಳ ಅಂಚೂ ಅದರೊಂದಿಗೆ ಹೋಗುತ್ತದೆ ಎಂದರು. ಮಳೆಗಾಲ ಕಳೆಯಲಿ, ಮತ್ತೆ ಹೋಗಿ ಮಾಡೋಣ ಎಂದುಕೊಂಡೆ. ತೋಟದ ಕೆಲಸ ಬಂತು, ಮರುವರ್ಷ ಲಾಕ್‌ಡೌನ್ ಬಂತು. 2021ರಲ್ಲಿ ದೊಡ್ಡಮ್ಮ ಹೋದರು.

ಆದ್ದರಿಂದ ಈ ಮಾತು. ನಿಮ್ಮ ಮನೆಯಲ್ಲೂ ಹಾಡುವವರಿದ್ದಾರೆ, ಕತೆ ಹೇಳುವವರಿದ್ದಾರೆ. ನಿಮ್ಮಲ್ಲಿ ಕೆಲವರು ಈ ಕಾರ್ಯಕ್ರಮಕ್ಕೇ ಮನೆಯಿಂದ ಧ್ವನಿಮುದ್ರಿಸಿ ಕಳಿಸುವವರು. ವಾರಕ್ಕೆರಡು ಸಲ ಕಾಸರಗೋಡಿನಿಂದ ಮಂಗಳೂರಿಗೆ ಲೋಕಲ್ ಗಾಡಿ ಹತ್ತುವವರೂ ಇದ್ದೀರಿ. ಮನೆಯ ಕೆಲಸಕ್ಕೂ ದಾರಿಗೂ ಒಂದೇ ಹೆಡ್‌ಫೋನ್ ಸಾಕಾಗಬೇಕು, ಕೈಯಲ್ಲಿರುವುದು ಐದಾರು ಸಾವಿರ ರೂಪಾಯಿ. ಯಾವುದನ್ನು ಕೊಳ್ಳುವುದು?

ಮೊದಲು ಅದರ ಒಳಗನ್ನು ಸ್ವಲ್ಪ ನೋಡೋಣ. ಹೆಡ್‌ಫೋನಿನ ಒಂದೊಂದು ಬಟ್ಟಲಿನಲ್ಲೂ ಒಂದು ತೆಳುವಾದ ಪೊರೆ ಇರುತ್ತದೆ. ಅದು ಅದುರಿದಾಗ ಧ್ವನಿ ಹುಟ್ಟುತ್ತದೆ. ಪೊರೆ ಮುಂದಕ್ಕೆ ತಳ್ಳಿದ ಗಾಳಿ ಕಿವಿಗೆ ಬರುತ್ತದೆ. ಅದೇ ಹೊತ್ತಿಗೆ ಹಿಂದಕ್ಕೂ ಅಷ್ಟೇ ಧ್ವನಿ ಹೋಗುತ್ತದೆ. ಆ ಹಿಂದಿನ ಧ್ವನಿಯನ್ನು ಏನು ಮಾಡುವುದು ಎಂಬುದರ ಮೇಲೆ ಹೆಡ್‌ಫೋನುಗಳಲ್ಲಿ ಎರಡು ಜಾತಿ. ಬಟ್ಟಲಿನ ಬೆನ್ನಿನಲ್ಲಿ ಜಾಲರಿ ಇಟ್ಟು ಧ್ವನಿಯನ್ನು ಹೊರಗೆ ಬಿಟ್ಟರೆ ಅದು ತೆರೆದ ಹೆಡ್‌ಫೋನ್. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ತಂದ ಎಚ್‌ಡಿ 414 ಈ ಜಾತಿಯ ಹಿರಿಯಣ್ಣ. ಕೇಳಲು ಹಗುರ, ಹಾಡು ತಲೆಯ ಸುತ್ತ ಹರಡಿದಂತೆ ಅನ್ನಿಸುತ್ತದೆ, ಕಿವಿಯೂ ಬೇಯುವುದಿಲ್ಲ. ಬೆನ್ನನ್ನು ಗಟ್ಟಿಯಾಗಿ ಮುಚ್ಚಿ, ಕಿವಿಯ ಸುತ್ತ ಮೆತ್ತೆ ಕೂರಿಸಿದರೆ ಅದು ಮುಚ್ಚಿದ ಹೆಡ್‌ಫೋನ್. ಅಂಗಡಿಯಲ್ಲಿ ‘ಕ್ಲೋಸ್ಡ್ ಬ್ಯಾಕ್’ ಎಂದು ಕೇಳಿದರೆ ಕೊಡುತ್ತಾರೆ.

ಮುಚ್ಚಿದ ಹೆಡ್‌ಫೋನ್ ಎಂದರೆ ಎರಡು ಕಡೆಗೂ ಗೋಡೆ. ಒಳಗಿನ ಸದ್ದು ಮೈಕಿಗೆ ಹೋಗದು, ಹೊರಗಿನ ಸದ್ದು ಕಿವಿಗೆ ಬಾರದು. ಮನೆಯ ಧ್ವನಿಮುದ್ರಣಕ್ಕೆ ಮೊದಲನೆಯದು ಬೇಕು, ಪ್ರಯಾಣಕ್ಕೆ ಎರಡನೆಯದು. ಎರಡು ಕೆಲಸಕ್ಕೂ ಒಂದೇ ಸಾಮಾನು ಸಾಕು ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದ. ನಾನು ದೊಡ್ಡಮ್ಮನ ತಲೆಗೆ ಏರಿಸಿದ್ದ ಸ್ಪಂಜಿನ ಹೆಡ್‌ಫೋನ್ ತೆರೆದ ಜಾತಿಯದು. ಒಳ್ಳೆಯ ಸಾಧನವೇ, ಇಟ್ಟ ಜಾಗ ತಪ್ಪು.

ಈ ಗೋಡೆ ಎಲ್ಲ ಸದ್ದಿಗೂ ಒಂದೇ ದಪ್ಪ ಅಂದುಕೊಳ್ಳಬೇಡಿ. ಶಿಳ್ಳೆ, ತಾಳದ ಟಿಕ್, ಜೀರುಂಡೆ, ಚಹಾ ಮಾರುವವನ ಕೂಗು, ಇಂಥ ಏರುದನಿಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ಬಸ್ಸಿನ ಎಂಜಿನು, ರೈಲಿನ ಗಾಲಿಯ ಗುಡುಗುಡು ಮಾತ್ರ ನುಸುಳಿಕೊಂಡು ಬರುತ್ತವೆ. ಸೆಕೆಂಡಿಗೆ ನೂರು ಸಲ ಅದುರುವ ಸದ್ದಿನ ಒಂದು ಅಲೆಯ ಉದ್ದ ಗಾಳಿಯಲ್ಲಿ ಮೂರು ಮೀಟರಿಗಿಂತ ಹೆಚ್ಚು; ಬೆರಳು ದಪ್ಪದ ಮೆತ್ತೆ ಅದನ್ನು ಎಲ್ಲಿ ತಡೆದೀತು? ಸದ್ದನ್ನು ಸದ್ದಿನಿಂದಲೇ ಕೊಲ್ಲುವ, ಬ್ಯಾಟರಿಯ ಬಲದಿಂದ ಕೆಲಸ ಮಾಡುವ ಹೆಡ್‌ಫೋನುಗಳು ಬೇರೆ ಇವೆ. ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್‌ಗೆ 1978ರಲ್ಲಿ ವಿಮಾನದಲ್ಲಿ ಕೂತಿದ್ದಾಗ ಹೊಳೆದ ಯೋಚನೆ ಅದು. ಹನ್ನೊಂದು ವರ್ಷದ ಮೇಲೆ ಪೈಲಟ್‌ಗಳಿಗಾಗಿ ಅವರ ಕಂಪನಿಯ ಹೆಡ್‌ಸೆಟ್ ಬಂತು. ಗುಡುಗುಡು ಸದ್ದಿಗೆ ಅದೇ ಸರಿಯಾದ ಮದ್ದು, ಸಂಶಯವಿಲ್ಲ. ದಿನವೂ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯುವವರಾಗಿ, ಧ್ವನಿಮುದ್ರಣದ ಗೊಡವೆಯೇ ಇಲ್ಲದಿದ್ದರೆ ನೀವು ಅದನ್ನೇ ಕೊಳ್ಳಿ, ಇಲ್ಲಿಂದ ಮುಂದೆ ನನ್ನ ಮಾತು ಕೇಳಬೇಕಾಗಿಲ್ಲ.

ಧ್ವನಿಮುದ್ರಣ ಮಾಡುವವರಿಗೆ ಅದು ಆಗದು. ಅಂಥವು ಹೆಚ್ಚಾಗಿ ಬ್ಲೂಟೂತಿನವು, ಅಂದರೆ ವಯರ್ ಇಲ್ಲದವು. ಫೋನಿನಿಂದ ಹೊರಟ ಧ್ವನಿ ಬ್ಲೂಟೂತಿನ ಮೂಲಕ ಕಿವಿಗೆ ಬರುವಾಗ ತಡವಾಗುತ್ತದೆ. ಸಾಮಾನ್ಯವಾಗಿ ಸೆಕೆಂಡಿನ ಹತ್ತರಲ್ಲೊಂದು ಭಾಗದಿಂದ ಐದರಲ್ಲೊಂದು ಭಾಗದವರೆಗೆ. ಇಷ್ಟೇ ತಾನೇ ಎನ್ನಬೇಡಿ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿದರೆ, ಬ್ಲೂಟೂತಿನ ತಡ ಎಂದರೆ ಐವತ್ತು ಮೀಟರ್ ದೂರ ನಿಂತು ಕೇಳಿದ ಹಾಗೆ. ಗದ್ದೆಯ ಬಯಲಾಟದಲ್ಲಿ ಕೊನೆಯ ಸಾಲಿನ ಹಿಂದೆ ನಿಂತು ನೋಡಿದ್ದೀರಾ? ಚೆಂಡೆಯ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ. ಅಲ್ಲಿ ನಿಂತುಕೊಂಡು ಚೆಂಡೆಗೆ ಸರಿಯಾಗಿ ನೀವು ತಾಳ ಹಾಕಬೇಕು ಅಂದರೆ ಹೇಗಿರುತ್ತದೆ, ಬ್ಲೂಟೂತಿನಲ್ಲಿ ಹಾಡುವುದು ಹಾಗೆ. ಸಿನಿಮಾ ನೋಡುವಾಗ ಗೊತ್ತಾಗದಿರುವುದು ಏಕೆಂದರೆ, ಫೋನು ಆ ತಡವನ್ನು ಲೆಕ್ಕ ಹಾಕಿ ಚಿತ್ರವನ್ನೂ ಅಷ್ಟೇ ಹಿಂದಕ್ಕೆ ಹಿಡಿದಿರುತ್ತದೆ. ನಿಮ್ಮ ಗಂಟಲನ್ನು ಅದು ಹಿಂದಕ್ಕೆ ಹಿಡಿಯಲಾರದು.

ಹಾಗಾಗಿ ವಯರ್ ಇರುವುದೇ ಬೇಕು. ಹಳೆಯ ಕಾಲದ ಮಾತು ಎಂದು ಮಕ್ಕಳು ನಗುತ್ತಾರೆ, ನಗಲಿ.

ಇನ್ನೊಂದು ಸತ್ಯವನ್ನೂ ಹೇಳಿಬಿಡಬೇಕು. ಕಿವಿಯ ತೂತಿಗೆ ರಬ್ಬರಿನ ತುದಿ ಸಿಕ್ಕಿಸುವ ಸಣ್ಣ ಇಯರ್‌ಫೋನ್ ಇದೆಯಲ್ಲ, ಸರಿಯಾದ ಅಳತೆಯ ರಬ್ಬರು ಹಾಕಿದರೆ ಅದೂ ಧ್ವನಿಯನ್ನು ಹೊರಗೆ ಬಿಡುವುದಿಲ್ಲ. ಬೆಲೆಯೂ ಬಹಳ ಕಡಿಮೆ, ಕಿಸೆಯಲ್ಲಿ ಹಿಡಿಸುತ್ತದೆ. ಒಬ್ಬರೇ ಬಳಸುವವರು, ಒಬ್ಬರೇ ಹಾಡುವವರು ಅದರಲ್ಲೇ ಕೆಲಸ ಸಾಗಿಸಬಹುದು. ಆದರೆ ಇನ್ನೊಬ್ಬರ ಕಿವಿಯಿಂದ ತೆಗೆದದ್ದನ್ನು ನಮ್ಮ ಕಿವಿಗೆ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ, ಬರಲೂಬಾರದು. ವಯಸ್ಸಾದವರಂತೂ ಕಿವಿಯೊಳಗೆ ಏನನ್ನೂ ತುರುಕಲು ಬಿಡುವುದಿಲ್ಲ. ನಾಲ್ಕು ಜನ ಬಂದು ಹಾಡುವ ಮನೆಯಲ್ಲಿ ಕಿವಿಯ ಮೇಲೆ ಕವುಚುವುದೇ ಒಳ್ಳೆಯದು.

ಕವುಚುವುದರಲ್ಲೂ ಎರಡು ಬಗೆ. ಒಂದು ಕಿವಿಯ ಮೇಲೆಯೇ ಒತ್ತಿ ಕೂರುತ್ತದೆ, ಇನ್ನೊಂದು ಇಡೀ ಕಿವಿಯನ್ನು ಒಳಗೆ ಹಾಕಿಕೊಂಡು ತಲೆಯ ಮೇಲೆ ಕೂರುತ್ತದೆ. ಎರಡನೆಯದನ್ನೇ ಆರಿಸಿ. ಕಿವಿಯ ಮೇಲೆ ಒತ್ತುವ ಬಗೆ ಬೆಂಡೋಲೆ ಹಾಕಿದ ಹೆಂಗಸರಿಗೆ ಅರ್ಧ ಗಂಟೆಯಲ್ಲಿ ಕಣ್ಣೀರು ತರಿಸುತ್ತದೆ. ಕನ್ನಡಕದವರಿಗೆ ಒಂದು ಎಚ್ಚರಿಕೆ: ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದರೆ ಅಲ್ಲೊಂದು ಸಣ್ಣ ಸಂದು ಆಗುತ್ತದೆ. ಒಳಗಿನ ಮಂದ್ರದ ಧ್ವನಿ ಆ ಸಂದಿನಲ್ಲಿ ಸೋರಿಹೋಗುತ್ತದೆ, ತಾಳದ ಟಿಕ್ಕೂ ಅದೇ ದಾರಿಯಲ್ಲಿ ಮೈಕಿಗೆ ಹೋಗುತ್ತದೆ. ಅಂಗಡಿಯಲ್ಲಿ ನೋಡುವಾಗ ಕನ್ನಡಕ ತೆಗೆದಿಟ್ಟು ನೋಡಬೇಡಿ, ಹಾಕಿಕೊಂಡೇ ನೋಡಿ. ಮೆತ್ತೆ ಮೃದುವಾಗಿದ್ದಷ್ಟೂ ಕಡ್ಡಿಯ ಸುತ್ತ ಚೆನ್ನಾಗಿ ಕೂರುತ್ತದೆ.

ಈಗ ಡಬ್ಬಿಯ ಮೇಲಿನ ಬರಹ. ‘5ರಿಂದ 30,000 ಹರ್ಟ್ಸ್’ ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಆರೋಗ್ಯವಂತ ಮಗುವಿನ ಕಿವಿಗೆ ಕೇಳುವುದೇ 20ರಿಂದ 20,000 ಹರ್ಟ್ಸ್. ಐವತ್ತು ದಾಟಿದ ನಮ್ಮಂಥವರಿಗೆ ಮೇಲಿನ ತುದಿ ಆಗಲೇ ಕರಗಿರುತ್ತದೆ. ಆ ಸಂಖ್ಯೆಯನ್ನು ಬಿಟ್ಟುಬಿಡಿ. ನೋಡಬೇಕಾದ ಸಂಖ್ಯೆ ಇಂಪೀಡೆನ್ಸ್, ಓಮ್‌ಗಳಲ್ಲಿ ಬರೆದಿರುತ್ತದೆ. ಹೆಡ್‌ಫೋನನ್ನು ಓಡಿಸಲು ಯಂತ್ರ ಎಷ್ಟು ಬಲ ಹಾಕಬೇಕು ಎಂಬುದರ ಒಂದು ಸುಳಿವು ಅದು. 32ರಿಂದ 80 ಓಮ್‌ವರೆಗಿನದು ಮೊಬೈಲಿಗೂ ಲ್ಯಾಪ್‌ಟಾಪಿಗೂ ನಡೆಯುತ್ತದೆ. 250 ಓಮಿನದನ್ನು ಮೊಬೈಲಿಗೆ ಸಿಕ್ಕಿಸಿದರೆ ಹಾಡು ಪಕ್ಕದ ಮನೆಯಿಂದ ಕೇಳಿದ ಹಾಗಿರುತ್ತದೆ. ಜರ್ಮನಿಯ ಬೇಯರ್‌ಡೈನಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಹೆಸರಾಂತ ಮಾದರಿ 32, 80, 250 ಹೀಗೆ ಮೂರು ಓಮ್‌ಗಳಲ್ಲಿ ಬಂದಿದೆ. ನೋಡಲು ಹೆಚ್ಚುಕಡಿಮೆ ಒಂದೇ. ಅಗ್ಗಕ್ಕೆ ಸಿಕ್ಕಿತೆಂದು 250ರದನ್ನು ತಂದು, ಹಾಳಾದ ಮಾಲು ಕೊಟ್ಟರು ಎಂದು ಅಂಗಡಿಯವನೊಡನೆ ಜಗಳಕ್ಕೆ ಹೋದವರುಂಟು.

ಡಬ್ಬಿಯ ಮೇಲೆ ‘ಎಕ್ಸ್‌ಟ್ರಾ ಬಾಸ್’ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಹಾಡು ಕೇಳಲು ಅದು ಖುಷಿಯೇ, ಎದೆಗೆ ಗುದ್ದಿದ ಹಾಗೆ ಕೇಳುತ್ತದೆ. ಆದರೆ ನಿಮ್ಮ ಧ್ವನಿಗೆ ಇಲ್ಲದ ಭಾರವನ್ನು ಅದು ನಿಮ್ಮ ಕಿವಿಯಲ್ಲಿ ಸೇರಿಸುತ್ತದೆ. ನೀವು ದನಿ ದಪ್ಪವಾಯಿತೆಂದು ಮೈಕಿನಿಂದ ದೂರ ಸರಿಯುತ್ತೀರಿ, ಕಂಪ್ಯೂಟರಿನಲ್ಲಿ ಮಂದ್ರ ಕಡಿಮೆ ಮಾಡುತ್ತೀರಿ. ಅದು ರೇಡಿಯೋದಲ್ಲಿ ಬಂದಾಗ ನಿಮ್ಮ ದನಿ ಒಣಗಿದ ತೆಂಗಿನ ಗರಿಯ ಹಾಗೆ ತೆಳ್ಳಗೆ ಕೇಳುತ್ತದೆ. ಇದ್ದುದನ್ನು ಇದ್ದ ಹಾಗೆ ಹೇಳುವ ಹೆಡ್‌ಫೋನ್ ಮೊದಲ ದಿನ ಸಪ್ಪೆ ಅನ್ನಿಸುತ್ತದೆ. ಒಂದು ವಾರ ತಾಳಿಕೊಳ್ಳಿ.

ಇನ್ನು ಹೆಸರುಗಳು. ಹೆಸರು ಹೇಳದೆ ಉಪದೇಶ ಕೊಟ್ಟರೆ ಪೇಟೆಗೆ ಹೋದವರಿಗೆ ಉಪಯೋಗವಿಲ್ಲ. ಬೆಲೆ ತಿಂಗಳಿಗೊಂದು ಬಗೆಯಾದ್ದರಿಂದ ಮೇಲುಕೆಳಗು ಮಾತ್ರ ಹೇಳುತ್ತೇನೆ.

ನಾನು ಕೊನೆಗೆ ಕೊಂಡದ್ದು ಜಪಾನಿನ ಆಡಿಯೊ-ಟೆಕ್ನಿಕಾ ಕಂಪನಿಯ ಎಟಿಎಚ್-ಎಂ20ಎಕ್ಸ್. ನನ್ನ ಮಿತಿ ಆರು ಸಾವಿರ, ಅದರೊಳಗೆ ಸಿಕ್ಕಿತು. 47 ಓಮ್, ತೂಕ ವಯರ್ ಬಿಟ್ಟು 190 ಗ್ರಾಂ. ಇದರ ಕೊರತೆ ವಯರಿನದು: ಮೂರು ಮೀಟರ್ ಉದ್ದ, ಬಿಚ್ಚಲು ಬರುವುದಿಲ್ಲ. ಮನೆಯಲ್ಲಿ ಮೈಕಿನಿಂದ ಲ್ಯಾಪ್‌ಟಾಪನ್ನು ದೂರ ಇಡಲು ಆ ಉದ್ದ ಅನುಕೂಲ. ರೈಲಿನಲ್ಲಿ ಅದು ಪಕ್ಕದವರ ಕಾಲಿಗೂ ಸುತ್ತುತ್ತದೆ. ನಾನು ಸುರುಳಿ ಸುತ್ತಿ, ಮಲ್ಲಿಗೆ ಚೆಂಡಿನ ಬಾಳೆನಾರಿನ ಹಾಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿಟ್ಟಿದ್ದೇನೆ. ಹಿಂದೂ ಇಲ್ಲ ಮುಂದೂ ಇಲ್ಲ, ಐದು ವರ್ಷವಾಯಿತು, ನಡೆಯುತ್ತಿದೆ.

ಹೆಚ್ಚುಕಡಿಮೆ ಅದರ ಇಮ್ಮಡಿ ಬೆಲೆಯ ಆಸುಪಾಸಿನಲ್ಲಿ ಮೂರಿವೆ. ಅದೇ ಮನೆತನದ ಎಂ40ಎಕ್ಸ್. ಅದರ ವಯರ್ ಬಿಚ್ಚಿ ಬೇರೆ ಹಾಕಬಹುದು, ಬಟ್ಟಲು ಮಡಚುತ್ತದೆ. ಮನೆ, ದಾರಿ ಎರಡೂ ನಿಜವಾಗಿ ಸಮ ಸಮ ಇರುವವರಿಗೆ ನನ್ನ ಮತ ಇದಕ್ಕೆ. ವಯರ್ ಎಂದರೆ ಎಲ್ಲ ಹೆಡ್‌ಫೋನುಗಳೂ ಮೊದಲು ಸಾಯುವ ಜಾಗ. ಅದು ಬಿಚ್ಚಲು ಬಂದರೆ ಸಾಮಾನಿನ ಆಯುಷ್ಯ ಹೆಚ್ಚಿದ ಹಾಗೆ. ಎರಡನೆಯದು ಸೆನ್‌ಹೈಸರ್ ಎಚ್‌ಡಿ 280 ಪ್ರೊ. ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೆ ತಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ತಡೆಯುವುದು ನಿಜವೇ, ಆದರೆ ತಲೆಯನ್ನು ಅಡಕತ್ತರಿಯ ಹಾಗೆ ಹಿಡಿಯುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಫ್ಯಾನು ಆರಿಸಿ ಅದನ್ನು ಹಾಕಿಕೊಂಡು ಕೂರುವುದು ಒಂದು ತಪಸ್ಸು. ಮೂರನೆಯದು ಸೋನಿಯ ಎಂಡಿಆರ್-7506. 1991ರಲ್ಲಿ ಬಂದ ಮಾದರಿ, ಇನ್ನೂ ಮಾರುಕಟ್ಟೆಯಲ್ಲಿದೆ; ರೇಡಿಯೋ ಸ್ಟುಡಿಯೋಗಳಲ್ಲಿ, ಸಿನಿಮಾ ಶೂಟಿಂಗುಗಳಲ್ಲಿ ನೀವು ಕಾಣುವ ನೀಲಿ ಪಟ್ಟಿಯ ಹೆಡ್‌ಫೋನ್ ಇದೇ. ಸ, ಶ, ಷ ಇದರಲ್ಲಿ ಸ್ವಲ್ಪ ಚೂಪಾಗಿಯೇ ಕೇಳುತ್ತವೆ. ತಪ್ಪು ಹುಡುಕಲು ಇಂಥ ಸ್ನೇಹಿತ ಇನ್ನೊಬ್ಬನಿಲ್ಲ. ಕಣ್ಣು ಮುಚ್ಚಿ ಒಂದು ಗಂಟೆ ಆಲಾಪನೆ ಕೇಳಲು ಬೇಡ.

ಡಿಟಿ 770 ಇವುಗಳಿಗಿಂತ ಮೇಲಿನ ಬೆಲೆಯದು. ಅದರ 80, 250 ಓಮಿನವುಗಳ ಮೆತ್ತೆ ಮಖಮಲ್ಲಿನಂಥ ಬಟ್ಟೆಯದು, ಬೆವರುವ ಊರಿಗೆ ಬಹಳ ಹಿತ. ಮಡಚುವುದಿಲ್ಲ, ಹಾಗಾಗಿ ಪ್ರಯಾಣಕ್ಕೆ ಹೇಳಿದ್ದಲ್ಲ. ಮೆತ್ತೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಉಳಿದವುಗಳ ಮೆತ್ತೆಯ ಮೇಲಿರುವುದು ಚರ್ಮದ ಹಾಗೆ ಕಾಣುವ ಪ್ಲಾಸ್ಟಿಕ್ ಪದರ. ಕರಾವಳಿಯ ತೇವಕ್ಕೆ, ಬೆವರಿಗೆ ಅದು ಎರಡು ಮೂರು ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಕಪ್ಪು ಚೂರುಗಳು ಕಿವಿಗೆ ಅಂಟುತ್ತವೆ. ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ. ಬೇರೆ ಮೆತ್ತೆ ಸಿಗುವ ಮಾದರಿಯನ್ನೇ ಕೊಳ್ಳಿ; ನಾನು ಹೇಳಿದವಕ್ಕೆಲ್ಲ ಸಿಗುತ್ತದೆ. ಹೆಸರಾಂತ ಮಾದರಿಗಳಿಗೆ ನಕಲಿಗಳೂ ಇವೆ. ಅರ್ಧ ಬೆಲೆಗೆ ಹೊಸ ಡಬ್ಬಿ ಕೊಡುತ್ತೇನೆ ಎಂದವರ ಹತ್ತಿರ ಬಿಲ್ಲು ಕೇಳಿ ನೋಡಿ, ಮುಖ ತಿಳಿಸುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಹೇಗೆ? ಅವರು ಹಾಕುವ ಸಿನಿಮಾ ಹಾಡಿನಿಂದ ಏನೂ ತಿಳಿಯುವುದಿಲ್ಲ. ನಿಮ್ಮದೇ ಮಾತನ್ನು ಎರಡು ನಿಮಿಷ ಮುದ್ರಿಸಿಕೊಂಡು ಫೋನಿನಲ್ಲಿ ಒಯ್ಯಿರಿ. ‘ಫಲ’, ‘ಭಾರ’, ‘ಪಾಪ’ ಎಂಬಂಥ ಮಾತುಗಳಲ್ಲಿ ಗಾಳಿ ಮೈಕಿಗೆ ಗುದ್ದಿದ್ದು ಕೇಳಬೇಕು, ‘ಸರಸ’ದಲ್ಲಿ ಸೀಟಿ ಇದ್ದರೆ ಅದು ಕೇಳಬೇಕು, ಹಿಂದೆ ಎಲ್ಲೋ ಕೋಳಿ ಕೂಗಿದ್ದೂ ಕೇಳಬೇಕು. ಆಮೇಲೆ ಸೋರಿಕೆಯ ಪರೀಕ್ಷೆ. ಹೆಡ್‌ಫೋನ್ ಹಾಕಿಕೊಂಡು ತಾಳದ ಟಿಕ್ಕನ್ನು ನಿಮಗೆ ಹಾಡಲು ಬೇಕಾದಷ್ಟು ಜೋರು ಮಾಡಿ, ಇನ್ನೊಂದು ಫೋನನ್ನು ಬಾಯಿಂದ ಗೇಣು ದೂರ ಹಿಡಿದು, ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ಮುದ್ರಿಸಿ. ತಿರುಗಿ ಕೇಳಿದಾಗ ಟಿಕ್ ಇದ್ದರೆ ಡಬ್ಬಿಯ ಮೇಲೆ ಏನು ಬರೆದಿದ್ದರೂ ಅದು ನಿಮ್ಮ ತಲೆಗೆ ಹೊಂದದ ಹೆಡ್‌ಫೋನ್. ಆನ್‌ಲೈನಿನಲ್ಲಿ ತರಿಸಿದವರು ವಾಪಸು ಕೊಡುವ ಗಡುವಿನೊಳಗೇ ಈ ಪರೀಕ್ಷೆ ಮಾಡಬೇಕು.

ಎರಡು ಫೋನಿನ ಉಪಾಯವನ್ನು ಮುದ್ರಣಕ್ಕೂ ಇಟ್ಟುಕೊಳ್ಳಿ. ಒಂದು ಫೋನಿನಿಂದ ಶ್ರುತಿಯನ್ನೋ ತಾಳವನ್ನೋ ಹೆಡ್‌ಫೋನಿಗೆ ಕೊಡುವುದು, ಇನ್ನೊಂದರಲ್ಲಿ ಮುದ್ರಿಸುವುದು. ಬೇರೆ ಯಂತ್ರ ಕೊಳ್ಳಲು ಹಣವಿಲ್ಲದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಹೊಸ ಫೋನುಗಳಲ್ಲಿ ಹೆಡ್‌ಫೋನಿನ ತೂತೇ ಇರುವುದಿಲ್ಲ. ಚಾರ್ಜರಿನ ತೂತಿಗೆ ಸಿಕ್ಕಿಸುವ ಕನ್ವರ್ಟರ್ ಒಂದು ಬೇಕಾಗುತ್ತದೆ.

ಹಾಡುವವರು ಎರಡೂ ಕಿವಿ ಮುಚ್ಚಿಕೊಂಡರೆ ತಮ್ಮ ದನಿ ತಮಗೇ ಗುಡಾಣದೊಳಗಿಂದ ಬಂದ ಹಾಗೆ ಕೇಳುತ್ತದೆ, ಶ್ರುತಿ ತಪ್ಪುತ್ತದೆ. ಆಗ ಒಂದು ಬಟ್ಟಲನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಳ್ಳುವುದು ವಾಡಿಕೆ. ಸರಿಸಿದ ಬಟ್ಟಲನ್ನು ಗಾಳಿಯಲ್ಲಿ ಬಿಡದೆ ತಲೆಗೇ ಒತ್ತಿರಲಿ. ಬಾಯಿ ತೆರೆದ ಬಟ್ಟಲು ತೆರೆದ ಹೆಡ್‌ಫೋನಿಗೆ ಸಮ.

ಕಿವಿಯ ಆರೋಗ್ಯದ ಮಾತು ಚಿಕ್ಕದು. ವಾರಕ್ಕೆ ನಲವತ್ತು ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ಡೆಸಿಬೆಲ್ ಏರಿದರೆ ಅವಧಿ ಅರ್ಧ; 89ಕ್ಕೆ ಏರಿದರೆ ವಾರಕ್ಕೆ ಐದೇ ಗಂಟೆ. ರೈಲಿನ ಸದ್ದನ್ನು ಮೀರಿಸಲು ಧ್ವನಿ ಏರಿಸುತ್ತ ಹೋಗುವವರು ಈ ಐದು ಗಂಟೆಯನ್ನು ಎರಡೇ ದಿನದಲ್ಲಿ ಮುಗಿಸುತ್ತಾರೆ. ಮುಚ್ಚಿದ ಹೆಡ್‌ಫೋನಿನಲ್ಲಿ ಮೆಲ್ಲಗೆ ಇಟ್ಟರೂ ಕೇಳುತ್ತದೆ, ಪ್ರಯಾಣದಲ್ಲಿ ಅದರ ದೊಡ್ಡ ಲಾಭ ಅದೇ. ಗಾಡಿಯಿಂದ ಇಳಿದ ಕೂಡಲೇ ಕುತ್ತಿಗೆಗೆ ಇಳಿಸಿ. ನಮ್ಮ ಕಡೆ ಹಳಿ ದಾಟಿಯೇ ಮನೆಗೆ ಹೋಗುವ ಅಭ್ಯಾಸ ಎಷ್ಟು ಜನಕ್ಕಿದೆ ಎಂದು ನಿಮಗೆ ಗೊತ್ತು.

ಕೊನೆಗೆ, ನನಗೆ ತೀರಾ ತಡವಾಗಿ ಹೊಳೆದ ಒಂದು ಸಂಗತಿ. ಆವತ್ತು ಚಾವಡಿಯಲ್ಲಿ ಹೆಡ್‌ಫೋನ್ ಇರಬೇಕಾದದ್ದು ದೊಡ್ಡಮ್ಮನ ತಲೆಯ ಮೇಲಲ್ಲ, ನನ್ನ ತಲೆಯ ಮೇಲೆ. ಅರವತ್ತು ವರ್ಷ ಮದುವೆಮನೆಗಳಲ್ಲಿ ಹಾಡಿದವರಿಗೆ ನಾನು ತಾಳ ಹೇಳಿಕೊಡಲು ಹೋದೆ! ಅವರ ಲಯ ಅವರ ಕೈಯಲ್ಲೇ ಇತ್ತು, ತೊಡೆಯ ಮೇಲೆ ಬಡಿಯುತ್ತಲೇ ಇದ್ದರು. ಮಂದ ಕಿವಿಗೆ ಅಷ್ಟು ಜೋರಾಗಿ ಕೊಟ್ಟರೆ ಎಷ್ಟು ಒಳ್ಳೆಯ ಮುಚ್ಚಿದ ಹೆಡ್‌ಫೋನಾದರೂ ಸ್ವಲ್ಪ ಸೋರಿಯೇ ಸೋರುತ್ತದೆ. ಅವರ ಪಾಡಿಗೆ ಅವರನ್ನು ಹಾಡಲು ಬಿಟ್ಟು, ಮೈಕಿಗೆ ಏನು ಕೇಳುತ್ತಿದೆ ಎಂದು ನಾನು ಕೇಳುತ್ತ ಕೂತಿದ್ದರೆ ಮೊದಲ ಹಾಡಿನ ಮೊದಲ ಸಾಲಿನಲ್ಲೇ ತಪ್ಪು ಗೊತ್ತಾಗುತ್ತಿತ್ತು. ನಮ್ಮ ಬರಿಗಿವಿ ಬೇಡದ್ದನ್ನು ಬದಿಗೆ ತಳ್ಳಿ ಹಾಡನ್ನು ಮಾತ್ರ ಕೇಳುತ್ತದೆ. ಮೈಕಿಗೆ ಆ ದಾಕ್ಷಿಣ್ಯ ಇಲ್ಲ.

ಈಗ ನಾನು ಯಾರ ಮನೆಗೆ ಹೋದರೂ ಹಾಗೇ ಮಾಡುತ್ತೇನೆ. ಮೈಕು ಇಟ್ಟು, ಫೋನಿನ ಮುದ್ರಣದ ಆ್ಯಪಿನಲ್ಲಿ ‘ಮಾನಿಟರ್’ ಎಂಬುದನ್ನು ಒತ್ತಿ, ಹೆಡ್‌ಫೋನ್ ಹಾಕಿ ಒಂದು ನಿಮಿಷ ಸುಮ್ಮನೆ ಕೂರುತ್ತೇನೆ. ಇಲ್ಲಿ ಸ್ವಲ್ಪ ತಡವಾಗಿ ಕೇಳಿದರೂ ತೊಂದರೆಯಿಲ್ಲ, ಹಾಡುವವನು ನಾನಲ್ಲವಲ್ಲ. ಮಾಡಿನಿಂದ ತೊಟ್ಟಿಕ್ಕುವ ನೀರು, ಹಟ್ಟಿಯ ದನದ ಗಂಟೆ, ಪಂಪಿನ ಮೋಟಾರು, ಎಲ್ಲ ಆಗ ಎದುರು ಬಂದು ನಿಲ್ಲುತ್ತವೆ. ದನದ ಗಂಟೆ ಇರಲಿ ಎಂದು ಬಿಡುತ್ತೇನೆ. ಉಳಿದವಕ್ಕೆ ಉಪಾಯ ಮಾಡುತ್ತೇನೆ. ದೊಡ್ಡಮ್ಮನ ನಾಲ್ಕು ಹಾಡು ಚೆನ್ನಾಗಿ ಉಳಿದವೆ. ಆ ಏಳನ್ನು ಅವರ ತಂಗಿಯ ಸೊಸೆ, ಎಪ್ಪತ್ತರ ಆಸುಪಾಸಿನವರು, ನೆನಪು ಮಾಡಿಕೊಂಡು ಒಂದೊಂದಾಗಿ ಹೇಳುತ್ತಿದ್ದಾರೆ. ಮೂರು ಆಗಿದೆ.

ಎಲ್ಲ ಮನೆಯಲ್ಲೂ ಕೊನೆಗೆ ಸಿಕ್ಕಿಬೀಳುವ ಕಳ್ಳ ಒಬ್ಬನೇ, ಅಡಿಗೆಮನೆಯ ಫ್ರಿಜ್ಜು. ಬರಿಗಿವಿಗೆ ಗೊತ್ತೇ ಆಗದ ಅದರ ಗುಂಯ್ ಸದ್ದು ಹೆಡ್‌ಫೋನಿನಲ್ಲಿ ಜೇನುಗೂಡಿನ ಹಾಗೆ ಕೇಳುತ್ತದೆ. ಮನೆಯವರನ್ನು ಕೇಳಿ ಆರಿಸಿ. ಆರಿಸುವಾಗ ನಿಮ್ಮ ಸ್ಕೂಟರಿನ ಬೀಗದ ಕೈಯನ್ನು ಫ್ರಿಜ್ಜಿನ ಒಳಗೇ ಇಟ್ಟುಬಿಡಿ. ಹೊರಡುವಾಗ ಕೀ ಹುಡುಕಲೇಬೇಕಲ್ಲ, ಫ್ರಿಜ್ಜು ಹಾಕಲು ಮರೆಯುವುದಿಲ್ಲ. ಒಂದು ಸಲ ನಾನು ಮರೆತು ಬಂದು, ಅವರ ಎರಡು ಲೀಟರ್ ಹಾಲು ಒಡೆದುಹೋಗಿ, ಮರುದಿನದ ಹಾಡು ಒಂದು ತಿಂಗಳು ಮುಂದಕ್ಕೆ ಹೋಗಿತ್ತು.